ಅಂಟಿಕೊಂಡ ಆಯಿಲ್ ಫಿಲ್ಟರ್‌ನ ಡಬ್ಬಿ ಹರಿದುಹೋಗಿದೆ. ಎಂಜಿನ್ನಿನಲ್ಲಿ ಉಳಿದ ತಳವನ್ನು ಬಿಚ್ಚುವುದು ಹೇಗೆ?

ಅಂತರಗಂಗೆ ಸವಾರ, ಕೋಲಾರ:

ಎಲ್ಲರಿಗೂ ನಮಸ್ಕಾರ. ಕೆಲಸ ಅರ್ಧಕ್ಕೆ ನಿಂತಿರುವಾಗ ಇದನ್ನು ಬರೆಯುತ್ತಿದ್ದೇನೆ, ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಹೇಳುತ್ತೇನೆ. ನನ್ನ ಗಾಡಿ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650. ಕಳೆದ ವರ್ಷ ಅದರ ಮೊದಲ ಮಾಲೀಕರಿಂದ ಕೊಂಡೆ. ಹಿಂದಿನ ಬಾರಿ ಎಣ್ಣೆ ಬದಲಾಯಿಸಿದ್ದನ್ನು ಅವರು ಪರಿಚಯದ ಒಂದು ಗ್ಯಾರೇಜಿನಲ್ಲಿ ಮಾಡಿಸಿದ್ದರಂತೆ. ಈ ಬಾರಿ ನಾನೇ ಮನೆಯಲ್ಲಿ ಮಾಡಬೇಕೆಂದು ನಿರ್ಧರಿಸಿ, ಭಾನುವಾರ ಬೆಳಿಗ್ಗೆ ಎಂಜಿನ್ನನ್ನು ಸ್ವಲ್ಪ ಬಿಸಿ ಮಾಡಿ, ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಹಳೆಯ ಎಣ್ಣೆಯನ್ನೆಲ್ಲ ಇಳಿಸಿದೆ. ಅಲ್ಲಿಯವರೆಗೆ ಎಲ್ಲವೂ ಸರಾಗವಾಗಿ ನಡೆಯಿತು.

ಎಂಜಿನ್ನಿನ ಮುಂಭಾಗದಲ್ಲಿರುವ ಫಿಲ್ಟರ್ ಮಾತ್ರ ಅಲುಗಲಿಲ್ಲ. ಮೊದಲು ಕೈಯಿಂದ, ಆಮೇಲೆ ಬಟ್ಟೆ ಸುತ್ತಿ ಪ್ರಯತ್ನಿಸಿದೆ. ನಂತರ ಫಿಲ್ಟರಿನ ತಲೆಗೆ ಟೋಪಿಯಂತೆ ಕೂರುವ ಕಪ್ ಪಾನಾ ತಂದು ಹಾಕಿದರೆ, ಅದು ಡಬ್ಬಿಯ ಅಂಚಿನ ಪಟ್ಟಿಗಳನ್ನು ಸವೆಸಿ ಜಾರಿತು. ತುಕ್ಕು ಬಿಡಿಸುವ ಸ್ಪ್ರೇಯನ್ನು ಫಿಲ್ಟರ್ ಮತ್ತು ಎಂಜಿನ್ ಸೇರುವ ಕಡೆ ಧಾರಾಳವಾಗಿ ಹೊಡೆದು ರಾತ್ರಿಯಿಡೀ ಬಿಟ್ಟೆ. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ, ಹಲವರು ಹೇಳುವಂತೆ, ದೊಡ್ಡ ಸ್ಕ್ರೂಡ್ರೈವರೊಂದನ್ನು ಡಬ್ಬಿಯ ಮಧ್ಯದಲ್ಲಿ ಅಡ್ಡಲಾಗಿ ತೂರಿಸಿ ತಿರುಗಿಸಿದೆ. ಡಬ್ಬಿಯ ತಗಡು ಅರ್ಧ ಸುತ್ತಿನಷ್ಟು ಹರಿದು ತಿರುಚಿಕೊಂಡಿತೇ ಹೊರತು ತಳ ಕೂದಲೆಳೆಯಷ್ಟೂ ಸರಿಯಲಿಲ್ಲ.

ಈಗ ಗಾಡಿಯಲ್ಲಿ ಎಣ್ಣೆಯಿಲ್ಲ, ಹಿಡಿಯಲು ಫಿಲ್ಟರೂ ಉಳಿದಿಲ್ಲ. ನನ್ನ ಭಯವೆಲ್ಲ ಎಂಜಿನ್ನಿನ ಅಲ್ಯೂಮಿನಿಯಂ ಮುಖದ ಬಗ್ಗೆ ಮತ್ತು ಫಿಲ್ಟರ್ ಕೂರುವ ಥ್ರೆಡ್ ಕೊಳವೆಯ ಬಗ್ಗೆ. ಅವೆರಡಕ್ಕೂ ಪೆಟ್ಟಾಗದಂತೆ ಈ ತಳವನ್ನು ಹೊರತೆಗೆಯುವ ವಿಧಾನವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಸ್ಪ್ರೇಯನ್ನು ಇನ್ನೂ ಹೊಡೆಯುತ್ತಿರಬೇಕೇ?

ಮಾಲೂರಿನವನು:

ಸರ್, ಮೊದಲಿಗೆ ಒಂದು ಮಾತು. ಯಾವ ಕಾರಣಕ್ಕೂ ಸೆಲ್ಫ್ ಒತ್ತಬೇಡಿ. ಬೀಗದ ಕೈಯನ್ನು ತೆಗೆದು ಮನೆಯೊಳಗೆ ಇಟ್ಟುಬಿಡಿ, ಮನೆಯ ಮಕ್ಕಳಿಗೂ ಹೇಳಿ. ಎಣ್ಣೆಯಿಲ್ಲದೆ ಎಂಜಿನ್ ಸ್ವಲ್ಪ ಹೊತ್ತು ತಿರುಗಿದರೂ ಬೇರಿಂಗುಗಳಿಗೆ ಆಗುವ ಹಾನಿಯ ಮುಂದೆ ಈ ಫಿಲ್ಟರಿನ ತೊಂದರೆ ಏನೂ ಅಲ್ಲ. ಧೈರ್ಯವಿಲ್ಲದಿದ್ದರೆ ಟಾಟಾ ಏಸ್ ಗಾಡಿಯೊಂದನ್ನು ಕರೆಸಿ, ಹಗ್ಗ ಬಿಗಿದು ಸರ್ವಿಸ್ ಸೆಂಟರಿಗೆ ಸಾಗಿಸುವುದೇ ಒಳ್ಳೆಯದು.

ನಿವೃತ್ತ ಫಿಟ್ಟರ್, ಕೆ.ಜಿ.ಎಫ್.:

ನಾನು ಕೆ.ಜಿ.ಎಫ್.ನ ಬೆಮೆಲ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತನಾದವನು. ನಾವು ಬುಲ್ಡೋಜರುಗಳ ಎಂಜಿನ್ನಿನಲ್ಲಿ ಬಿಚ್ಚುತ್ತಿದ್ದ ಫಿಲ್ಟರುಗಳು ನಿಮ್ಮದಕ್ಕಿಂತ ಬಹಳ ದೊಡ್ಡವು. ಆದರೆ ರಚನೆ ಒಂದೇ, ಅಂಟಿಕೊಳ್ಳುವ ಕಾರಣವೂ ಒಂದೇ. ಆ ಕಾರಣವನ್ನು ಮೊದಲು ತಿಳಿದುಕೊಂಡರೆ ಮುಂದಿನ ಕೆಲಸ ತಾನಾಗಿಯೇ ಸುಲಭವಾಗುತ್ತದೆ.

ನೀವು ಥ್ರೆಡ್ ಹಿಡಿದಿದೆ ಎಂದು ಭಾವಿಸಿ ಸ್ಪ್ರೇ ಹೊಡೆದಿದ್ದೀರಿ. ಥ್ರೆಡ್ ಇರುವುದು ಫಿಲ್ಟರಿನ ನಟ್ಟನಡುವೆ. ಅದು ದಿನವೂ ಬಿಸಿ ಎಣ್ಣೆಯಲ್ಲಿಯೇ ಮುಳುಗಿರುವುದರಿಂದ ಅಲ್ಲಿ ತುಕ್ಕಿಗೆ ಅವಕಾಶವೇ ಇಲ್ಲ. ಹಿಡಿದಿರುವುದು ಹೊರ ಅಂಚಿನಲ್ಲಿರುವ ರಬ್ಬರ್ ಉಂಗುರ. ಆ ಉಂಗುರಕ್ಕೆ ಎಣ್ಣೆ ಸವರದೆ ಒಣದಾಗಿಯೇ ಕೂರಿಸಿ, ಅದರ ಮೇಲೆ ಪಾನಾ ಹಾಕಿ ಬಿಗಿದರೆ, ರಬ್ಬರು ಜಾರುವ ಬದಲು ಮುಖಕ್ಕೆ ಕಚ್ಚಿಕೊಂಡು ಮುದುಡುತ್ತದೆ. ಆಮೇಲೆ ಸಾವಿರಾರು ಕಿಲೋಮೀಟರಿನ ಬಿಸಿಗೆ ಗಟ್ಟಿಯಾಗಿ, ಅಲ್ಯೂಮಿನಿಯಂ ಮುಖದ ಸೂಕ್ಷ್ಮ ಗೀರುಗಳಿಗೆ ಅಚ್ಚೊತ್ತಿದಂತೆ ಅಂಟಿಕೊಳ್ಳುತ್ತದೆ. ಈ ಗಾತ್ರದ ಫಿಲ್ಟರುಗಳಲ್ಲಿ ಥ್ರೆಡ್ಡಿನ ವ್ಯಾಸ ಸಾಮಾನ್ಯವಾಗಿ 20 ಮಿಲಿಮೀಟರಿನ ಆಸುಪಾಸಿನಲ್ಲಿದ್ದು, ರಬ್ಬರ್ ಉಂಗುರ ಅದರ ಸುಮಾರು ಮೂರು ಪಟ್ಟು ಅಗಲವಿರುತ್ತದೆ. ನಡುವಿನಿಂದ ಅಷ್ಟು ದೂರದಲ್ಲಿ ಹಿಡಿತವಿದ್ದಾಗ ಅದನ್ನು ಬಿಡಿಸಲು ಬೇಕಾಗುವ ಬಲವೂ ಅಷ್ಟೇ ಹೆಚ್ಚು. ನೀವು ಹೊಡೆದ ಸ್ಪ್ರೇ ಆ ಉಂಗುರವನ್ನು ದಾಟಿ ಒಳಗೆ ಹೋಗುವುದೇ ಇಲ್ಲ. ಎಣ್ಣೆಯನ್ನು ಹೊರಗೆ ಬಿಡದಂತೆ ತಡೆಯುವ ಉಂಗುರ ಎಣ್ಣೆಯನ್ನು ಒಳಗೂ ಬಿಡುವುದಿಲ್ಲವಲ್ಲ. ಸ್ಪ್ರೇಯಿಂದ ಡಬ್ಬಿ ನುಣುಪಾಗಿ, ಪಾನಾ ಇನ್ನಷ್ಟು ಜಾರುವುದಕ್ಕೆ ದಾರಿಯಾಯಿತು. ಇನ್ನು ಹೊಡೆಯಬೇಡಿ. ಇದ್ದದ್ದನ್ನೂ ಒರೆಸಿಬಿಡಿ.

ಸ್ಕ್ರೂಡ್ರೈವರ್ ತೂರಿಸುವ ಉಪಾಯವನ್ನು ನಾನು ಎಂದೂ ಒಪ್ಪಿದವನಲ್ಲ. ಡಬ್ಬಿಯ ನಡುಭಾಗ ತೆಳು ತಗಡು. ಗಟ್ಟಿಯಿರುವುದು ತಳದ ಹತ್ತಿರ, ತಗಡನ್ನು ಮಡಿಸಿ ಕಟ್ಟಿರುವ ಅಂಚಿನಲ್ಲಿ ಮಾತ್ರ. ಬೆಲ್ಟ್ ಪಾನಾ ಅಥವಾ ಚೈನ್ ಪಾನಾವನ್ನು ಆ ಅಂಚಿಗೆ ಆದಷ್ಟು ಹತ್ತಿರ ಸುತ್ತಿ ಎಳೆದಿದ್ದರೆ ಬಹುಶಃ ಬಂದಿರುತ್ತಿತ್ತು. ಇರಲಿ, ಈಗಿನ ಕೆಲಸಕ್ಕೆ ಬರೋಣ.

ಹರಿದ ಡಬ್ಬಿಯನ್ನು ತಗಡು ಕತ್ತರಿಯಿಂದ ಸುತ್ತಲೂ ಕತ್ತರಿಸಿ ತೆಗೆಯಿರಿ. ಒಳಗಿನ ಕಾಗದದ ಸುರುಳಿ, ಅದರ ನಡುವಿನ ತೂತು ತೂತಿನ ಕೊಳವೆ, ಸ್ಪ್ರಿಂಗ್ ಎಲ್ಲವೂ ಕೈಗೆ ಬರುತ್ತವೆ. ತಳದ ಮೇಲೆ ಒಂದು ರಬ್ಬರಿನ ಪೊರೆಯಿದ್ದರೆ ಅದನ್ನೂ ಕಿತ್ತುಬಿಡಿ. ಎಂಜಿನ್ ನಿಂತಾಗ ಫಿಲ್ಟರಿನಲ್ಲಿರುವ ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವುದು ಅದರ ಕೆಲಸ. ಆಗ ನಿಮಗೆ ಕಾಣುವುದು ನಡುವೆ ಥ್ರೆಡ್ ಕೊಳವೆ, ಅದರ ಸುತ್ತ ಸಣ್ಣ ಸಣ್ಣ ತೂತುಗಳಿರುವ ದಪ್ಪ ಉಕ್ಕಿನ ತಟ್ಟೆ.

ಇಲ್ಲಿ ಒಂದು ಕ್ಷಣ ನಿಲ್ಲಿ. ಈ ಕೆಲಸದಲ್ಲಿ ಅತ್ಯಂತ ಮುಖ್ಯವಾದದ್ದು ಇದು, ಮತ್ತು ಹೆಚ್ಚಿನವರು ಮರೆಯುವುದೂ ಇದನ್ನೇ. ಪಂಪಿನಿಂದ ಬರುವ ಎಣ್ಣೆ ಸುತ್ತಲಿನ ತೂತುಗಳಿಂದ ಫಿಲ್ಟರಿನೊಳಗೆ ಬಂದು, ಕಾಗದವನ್ನು ಹಾದು, ಶುದ್ಧವಾಗಿ ನಡುವಿನ ಕೊಳವೆಯ ಮೂಲಕ ಎಂಜಿನ್ನಿಗೆ ಮರಳುತ್ತದೆ. ಅಂದರೆ ಆ ನಡುಕೊಳವೆಯಿಂದ ಮುಂದೆ ಬೇರಿಂಗುಗಳವರೆಗೆ ಯಾವ ಜರಡಿಯೂ ಇಲ್ಲ. ಕತ್ತರಿಸುವಾಗ, ಬಡಿಯುವಾಗ ಉದುರುವ ಒಂದು ಕಬ್ಬಿಣದ ಚೂರು ಅದರೊಳಗೆ ಹೋದರೆ ಅದು ನೇರವಾಗಿ ಕ್ರ್ಯಾಂಕಿನ ಬೇರಿಂಗಿಗೆ ಹೋಗುತ್ತದೆ. ಆದ್ದರಿಂದ ಕೊಳವೆ ಕಾಣಿಸಿದ ಕೂಡಲೇ, ಎಳೆ ಬಿಡದ ಶುಭ್ರವಾದ ಬಟ್ಟೆಯ ತುಂಡನ್ನು ಅದರೊಳಗೆ ತುರುಕಿ, ಅದಕ್ಕೆ ಒಂದು ಉದ್ದನೆಯ ದಾರ ಕಟ್ಟಿ ಹೊರಗೆ ಇಳಿಬಿಡಿ. ದಾರ ಕಣ್ಣೆದುರಿಗೆ ತೂಗಾಡುತ್ತಿದ್ದರೆ ಬಟ್ಟೆಯನ್ನು ಒಳಗೇ ಮರೆಯುವ ಪ್ರಸಂಗ ಬರುವುದಿಲ್ಲ. ಹ್ಯಾಕ್ಸಾ ಬ್ಲೇಡ್ ಬಳಸಬೇಕಾಗಿ ಬಂದರೆ ಅದರ ಹಲ್ಲಿಗೆ ಗ್ರೀಸ್ ಮೆತ್ತಿಕೊಳ್ಳಿ, ಪುಡಿ ಅದಕ್ಕೇ ಅಂಟಿಕೊಳ್ಳುತ್ತದೆ.

ಇನ್ನು ತಿರುಗಿಸುವುದು. ಮೊಂಡಾದ ಉಳಿಯೊಂದನ್ನು ತಟ್ಟೆಯ ಹೊರ ಅಂಚಿನ ಮೇಲೆ, ಅಂಚಿಗೆ ಸವರಿದಂತೆ ಓರೆಯಾಗಿ ಇಟ್ಟು, ಸಣ್ಣ ಸುತ್ತಿಗೆಯಿಂದ ಚುರುಕಾದ ಪೆಟ್ಟುಗಳನ್ನು ಕೊಡಿ. ಒಂದೇ ಜಾಗದಲ್ಲಿ ಬಡಿಯದೆ ಎದುರುಬದುರಾಗಿ ಮೂರು ನಾಲ್ಕು ಕಡೆ ಸ್ಥಳ ಬದಲಿಸಿ. ಭಾರವಾದ ಒಂದು ಹೊಡೆತಕ್ಕಿಂತ ಹಗುರವಾದ ಹತ್ತು ಹೊಡೆತಗಳಿಂದ ಅಂಟಿದ ರಬ್ಬರು ಬೇಗ ಬಿಡುತ್ತದೆ. ಉಳಿ ಜಾರಿದರೂ ಎಂಜಿನ್ನಿನ ಮುಖಕ್ಕೆ ತಾಗದಂತೆ, ತಗಡಿನ ತುಂಡೊಂದನ್ನು ಅಡ್ಡಲಾಗಿ ಹಿಡಿಯಲು ಒಬ್ಬರನ್ನು ಜೊತೆಗಿಟ್ಟುಕೊಳ್ಳಿ. ಅವರೇ ಗಾಡಿ ಸ್ಟ್ಯಾಂಡಿನಿಂದ ಸರಿಯದಂತೆಯೂ ನೋಡಿಕೊಳ್ಳಲಿ. ಕಣ್ಣಿಗೆ ಕನ್ನಡಕ ಇರಲಿ.

ಅಂತರಗಂಗೆ ಸವಾರ, ಕೋಲಾರ:

ಹಿರಿಯರೇ, ಇಷ್ಟು ವಿವರವಾಗಿ ಬರೆದದ್ದಕ್ಕೆ ನಿಮಗೆ ಋಣಿಯಾಗಿದ್ದೇನೆ. ನಡುವಿನ ಕೊಳವೆಯ ವಿಷಯ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಡಬ್ಬಿ ಹರಿದಾಗ ಏನಾದರೂ ಒಳಗೆ ಬಿದ್ದಿರಬಹುದೇ ಎಂಬ ಆತಂಕ ಈಗ ಶುರುವಾಗಿದೆ. ಇನ್ನೂ ಮೂರು ಸಂದೇಹಗಳಿವೆ. ನನ್ನ ಗಾಡಿಯಲ್ಲಿ ಫಿಲ್ಟರ್ ಮುಂದಕ್ಕೆ ಮುಖ ಮಾಡಿರುವುದರಿಂದ, ನೆಲದ ಮೇಲೆ ಮಲಗಿ ನೋಡುವಾಗ ಯಾವ ಕಡೆಗೆ ತಿರುಗಿಸಬೇಕೆಂಬುದು ಗೊಂದಲವಾಗುತ್ತದೆ. ತಟ್ಟೆಯೊಡನೆ ಥ್ರೆಡ್ ಕೊಳವೆಯೇ ಕಿತ್ತುಬಂದರೆ ಏನು ಮಾಡಬೇಕು? ಮತ್ತು ನಮ್ಮ ಬೀದಿಯಲ್ಲಿ ಟ್ರ್ಯಾಕ್ಟರ್ ಟ್ರೈಲರುಗಳಿಗೆ ವೆಲ್ಡಿಂಗ್ ಮಾಡುವವರೊಬ್ಬರು, ತಟ್ಟೆಯ ಮೇಲೆ ಒಂದು ಕಬ್ಬಿಣದ ಪಟ್ಟಿಯನ್ನು ವೆಲ್ಡ್ ಮಾಡಿ ತಿರುಗಿಸಿಬಿಡೋಣ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಚಿಂತಾಮಣಿ ಗ್ಯಾರೇಜ್:

ನಾನು ಚಿಂತಾಮಣಿಯಲ್ಲಿ ಗ್ಯಾರೇಜ್ ನಡೆಸುತ್ತೇನೆ. ಹರಿದ ಫಿಲ್ಟರುಗಳನ್ನು ಹೊತ್ತು ತಂದವರನ್ನು ಹಲವು ಬಾರಿ ನೋಡಿದ್ದೇನೆ, ಆದ್ದರಿಂದ ಗಾಬರಿಯಾಗುವ ಅಗತ್ಯವಿಲ್ಲ.

ವೆಲ್ಡಿಂಗಿಗೆ ಖಂಡಿತ ಒಪ್ಪಬೇಡಿ. ಮೇಲೆ ಪೆಟ್ರೋಲ್ ಟ್ಯಾಂಕ್, ಸುತ್ತಲೂ ಎಣ್ಣೆ ಸೋರಿದ ಎಂಜಿನ್, ನಿಮ್ಮದೇ ಸ್ಪ್ರೇಯ ಪಸೆ. ಇವೆಲ್ಲ ಇರುವ ಕಡೆ ಕಿಡಿ ಹಾರಿಸುವುದು ಬೆಂಕಿಯನ್ನು ಕರೆದಂತೆ. ಮೇಲಾಗಿ ಇದು ಫ್ಯೂಯೆಲ್ ಇಂಜೆಕ್ಷನ್ ಗಾಡಿ, ವೆಲ್ಡಿಂಗಿನ ಕರೆಂಟು ಎಂಜಿನ್ನನ್ನು ನಿಯಂತ್ರಿಸುವ ಅದರ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು (ಇ.ಸಿ.ಯು.) ಸುಟ್ಟುಹಾಕಬಹುದು. ಬ್ಲೋ ಲ್ಯಾಂಪಿಗೂ ಇದೇ ಮಾತು. ರಬ್ಬರನ್ನು ಬಿಸಿ ಮಾಡಿ ಮೃದುಗೊಳಿಸಬೇಕೆನಿಸಿದರೆ, ಪೆಟ್ರೋಲಿನ ವಾಸನೆಯಿಲ್ಲವೆಂದು ಖಚಿತಪಡಿಸಿಕೊಂಡು, ಪಸೆಯನ್ನೆಲ್ಲ ಒರೆಸಿ, ತಲೆಗೂದಲು ಒಣಗಿಸುವ ಡ್ರೈಯರಿನಿಂದ ಅಂಚಿನ ಸುತ್ತ ಹತ್ತು ನಿಮಿಷ ಬಿಸಿಗಾಳಿ ಹಾಯಿಸಿ. ಬಿಸಿನೀರು ಬೇಡ, ತೂತುಗಳಿಂದ ನೀರು ಒಳಗಿಳಿಯುತ್ತದೆ.

ದಿಕ್ಕಿನ ಬಗ್ಗೆ ಹೇಳುವುದಾದರೆ, ಫಿಲ್ಟರಿನ ಮುಚ್ಚಿದ ತಲೆಯ ಎದುರಿಗೆ ನಿಮ್ಮ ಮುಖವಿದೆ ಎಂದು ಭಾವಿಸಿ, ಗಡಿಯಾರದ ಮುಳ್ಳು ತಿರುಗುವುದಕ್ಕೆ ವಿರುದ್ಧವಾಗಿ ತಿರುಗಿಸಬೇಕು. ನಿಮ್ಮ ಗಾಡಿಯಲ್ಲಿ ಮುಂದಿನ ಚಕ್ರದ ಕಡೆಯಿಂದ ಎಂಜಿನ್ನನ್ನು ನೋಡಿದಂತೆ. ಮಾರ್ಕರ್ ಪೆನ್ನಿನಿಂದ ತಟ್ಟೆಯ ಮೇಲೆಯೇ ಬಾಣದ ಗುರುತು ಹಾಕಿಕೊಂಡರೆ, ಮಲಗಿದರೂ ಕೂತರೂ ತಪ್ಪುವುದಿಲ್ಲ. ಇದನ್ನು ಸಣ್ಣ ವಿಷಯವೆಂದು ತಿಳಿಯಬೇಡಿ. ತಿಳಿಯದೆ ಬಿಗಿಯುವ ಕಡೆಗೇ ತಿರುಗಿಸಿ ಇನ್ನಷ್ಟು ಕೂರಿಸಿಕೊಂಡು ಬಂದವರಿದ್ದಾರೆ.

ಹಿರಿಯರ ಮಾತಿನಲ್ಲಿ ಒಂದನ್ನು ಮಾತ್ರ ನಾನು ಬೇರೆ ರೀತಿ ಮಾಡುತ್ತೇನೆ. ಉಳಿಯನ್ನು ಮೊದಲು ಹಿಡಿಯುವುದಿಲ್ಲ. ಬೈಕಿನ ಎಂಜಿನ್ನಿನ ಮುಂದೆ ಹೊಗೆ ಸಾಗಿಸುವ ಬೆಂಡ್ ಪೈಪುಗಳು, ಆಯಿಲ್ ಕೂಲರಿನ ಕೊಳವೆಗಳು ಎಲ್ಲ ಒತ್ತೊತ್ತಾಗಿರುವುದರಿಂದ ಸುತ್ತಿಗೆ ಬೀಸಲು ಜಾಗವೇ ಸಿಗುವುದಿಲ್ಲ, ಓರೆಪೆಟ್ಟು ಬಿದ್ದರೆ ಕೂಲರಿಗೆ ಹಾನಿ. ಅದರ ಬದಲು ನಿಮ್ಮ ಬೀದಿಯ ವೆಲ್ಡಿಂಗ್‌ನವರಿಂದಲೇ ಅವರ ಅಂಗಡಿಯಲ್ಲಿ ಒಂದು ಸಾಧನ ಮಾಡಿಸಿಕೊಳ್ಳಿ. ಅರ್ಧ ಅಡಿಗಿಂತ ಉದ್ದವಿರುವ ದಪ್ಪ ಪಟ್ಟಿಯ ಮೇಲೆ, ತಟ್ಟೆಯ ಎದುರುಬದುರಿನ ಎರಡು ತೂತುಗಳಿಗೆ ಸರಿಯಾಗಿ ಕೂರುವಂತೆ ಎರಡು ಗಟ್ಟಿ ಬೋಲ್ಟುಗಳನ್ನು ವೆಲ್ಡ್ ಮಾಡಿಸಬೇಕು. ನಡುವಿನ ಕೊಳವೆಗೆ ತಾಗದಂತೆ ಪಟ್ಟಿಯ ಮಧ್ಯದಲ್ಲಿ ಜಾಗ ಬಿಡಿಸಿ. ಬೋಲ್ಟಿನ ತುದಿ ತಟ್ಟೆಯ ದಪ್ಪದಷ್ಟು ಮಾತ್ರ ಒಳಹೋಗಲಿ. ಉದ್ದವಾದರೆ ಹಿಂದಿನ ಅಲ್ಯೂಮಿನಿಯಂ ಮುಖವನ್ನು ಕೆರೆಯುತ್ತದೆ. ತೂತುಗಳ ನಡುವಿನ ಅಂತರವನ್ನು ಕಾಗದ ಒತ್ತಿ ಅಚ್ಚು ತೆಗೆದುಕೊಂಡು ಹೋದರೆ ಅವರಿಗೂ ಕೆಲಸ ಹಗುರ.

ಕೊಳವೆಯೇ ಕಿತ್ತುಬಂದರೂ ಚಿಂತೆಯಿಲ್ಲ, ಅದು ಎಂಜಿನ್ನಿಗೆ ತಿರುಗಿಸಿ ಕೂರಿಸಿರುವ ಬೇರೆ ಭಾಗವೇ ಆಗಿರುತ್ತದೆ. ತಟ್ಟೆಯಿಂದ ಬಿಡಿಸುವಾಗ ಥ್ರೆಡ್ಡಿನ ಮೇಲೆ ಇಕ್ಕಳ ಹಾಕಬೇಡಿ. ಎರಡು ನಟ್ಟುಗಳನ್ನು ಒಂದಕ್ಕೊಂದು ಬಿಗಿದು ಅವುಗಳಿಂದ ಹಿಡಿಯಿರಿ. ಥ್ರೆಡ್ ಚೆನ್ನಾಗಿದ್ದರೆ ಎರಡೂ ಕಡೆ ಎಣ್ಣೆಯ ಪಸೆ ಹೋಗುವಂತೆ ಶುಚಿಗೊಳಿಸಿ, ಥ್ರೆಡ್ ಸಡಿಲವಾಗದಂತೆ ಹಿಡಿಯುವ ಅಂಟನ್ನು, ಅಂದರೆ ಮಧ್ಯಮ ಬಲದ ಥ್ರೆಡ್ ಲಾಕ್ ಹಚ್ಚಿ ಮತ್ತೆ ಕೂರಿಸಬಹುದು. ಕೆಟ್ಟಿದ್ದರೆ ಹೊಸದನ್ನೇ ತರಿಸಿ.

ನಿವೃತ್ತ ಫಿಟ್ಟರ್, ಕೆ.ಜಿ.ಎಫ್.:

ಚಿಂತಾಮಣಿಯವರು ಹೇಳಿದ್ದು ಸರಿ. ನಮ್ಮ ಯಂತ್ರಗಳಲ್ಲಿ ಸುತ್ತಲೂ ನಿಂತು ಕೆಲಸ ಮಾಡುವಷ್ಟು ಜಾಗವಿರುತ್ತಿತ್ತು, ಬೈಕಿನ ಇಕ್ಕಟ್ಟನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೊದಲು ಎರಡು ಬೋಲ್ಟಿನ ಪಟ್ಟಿಯನ್ನೇ ಪ್ರಯತ್ನಿಸಿ. ತಿರುಗಿಸುವಾಗ ತಟ್ಟೆಗೂ ಅದರ ಹೊರ ಅಂಚಿನ ತೆಳು ತಗಡಿಗೂ ಇರುವ ಬೆಸುಗೆ ಬಿಟ್ಟುಹೋಗಿ, ಅಂಚು ಅಲ್ಲಿಯೇ ಉಳಿದು ತಟ್ಟೆ ಮಾತ್ರ ತಿರುಗಿದರೆ ಹೆದರಬೇಡಿ. ಅಂಚಿಗೂ ತಟ್ಟೆಗೂ ಸಂಬಂಧ ಕಡಿದ ಮೇಲೆ ತಟ್ಟೆಯನ್ನು ಹಿಡಿಯುವುದಕ್ಕೆ ಏನೂ ಉಳಿಯುವುದಿಲ್ಲ, ಬೆರಳಿನಿಂದಲೇ ಬಿಚ್ಚಬಹುದು. ಉಳಿದ ಅಂಚನ್ನು ಆಮೇಲೆ ನಿಧಾನವಾಗಿ ಎಬ್ಬಿಸಿದರಾಯಿತು.

ಒಳಗೆ ಚೂರು ಬಿದ್ದಿರಬಹುದೆಂಬ ನಿಮ್ಮ ಆತಂಕಕ್ಕೆ ಉತ್ತರ: ಸ್ಕ್ರೂಡ್ರೈವರ್ ತೂರಿಸಿದಾಗ ಒಳಗಿನ ಕೊಳವೆಯೂ ತೂತಾಗಿದೆಯೇ ಎಂದು, ತೆಗೆದ ತುಂಡುಗಳನ್ನು ಜೋಡಿಸಿ ನೋಡಿ. ತೂತಾಗಿದ್ದರೆ, ತಟ್ಟೆ ಬಂದ ಮೇಲೆ ಬಟ್ಟೆಯನ್ನು ಎಳೆದು, ಟಾರ್ಚ್ ಹಾಕಿ ಒಳಗೆ ನೋಡಿ, ತೆಳುವಾದ ಆಯಸ್ಕಾಂತದ ಕಡ್ಡಿಯನ್ನು ಆಡಿಸಿ. ಗಾಳಿ ಮಾತ್ರ ಹೊಡೆಯಬೇಡಿ. ಚೂರು ಇದ್ದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ.

ಅಂತರಗಂಗೆ ಸವಾರ, ಕೋಲಾರ:

ತಳ ಬಂದಿತು! ಇಂದು ಸಂಜೆ, ನನ್ನ ತಮ್ಮನನ್ನು ಗಾಡಿ ಹಿಡಿದುಕೊಳ್ಳಲು ನಿಲ್ಲಿಸಿಕೊಂಡು ಕೆಲಸ ಮುಗಿಸಿದೆ. ಪಟ್ಟಿಯ ಮೊದಲ ಎಳೆತಕ್ಕೆ ಬೋಲ್ಟು ಬಾಗಿತು. ವೆಲ್ಡಿಂಗ್‌ನವರು ಅದನ್ನು ಕತ್ತರಿಸಿ ಗಟ್ಟಿ ಉಕ್ಕಿನ ಬೋಲ್ಟನ್ನು ಹಾಕಿಕೊಟ್ಟರು. ಡ್ರೈಯರಿನಿಂದ ಬಿಸಿ ಮಾಡಿ ಮತ್ತೆ ಎಳೆದಾಗ, ಒಣಗಿದ ಬಿದಿರು ಸೀಳಿದಂಥ ಸದ್ದಾಯಿತು. ಏನೋ ಮುರಿಯಿತೆಂದು ನನ್ನ ಎದೆ ಧಸಕ್ಕೆಂದಿತು, ಆದರೆ ಅದು ರಬ್ಬರು ಬಿಟ್ಟ ಸದ್ದು. ಆಮೇಲೆ ಎರಡು ಬೆರಳಿನಿಂದ ತಿರುಗಿಸಿದರೂ ಸಾಕಾಯಿತು. ಹಿರಿಯರು ಹೇಳಿದಂತೆ ಥ್ರೆಡ್ಡಿನಲ್ಲಿ ಎಣ್ಣೆ ತುಂಬಿತ್ತು, ಒಂದು ಚುಕ್ಕೆ ತುಕ್ಕೂ ಇರಲಿಲ್ಲ. ಕೊಳವೆ ತನ್ನ ಜಾಗದಲ್ಲಿಯೇ ಇದೆ. ತುಂಡುಗಳನ್ನು ಜೋಡಿಸಿ ನೋಡಿದೆ. ಸ್ಕ್ರೂಡ್ರೈವರ್ ಒಳಗಿನ ಕೊಳವೆಯನ್ನು ಬಗ್ಗಿಸಿದೆ, ತೂತು ಮಾಡಿಲ್ಲ. ಆದರೂ ಆಯಸ್ಕಾಂತದ ಕಡ್ಡಿ ಆಡಿಸಿದೆ, ಏನೂ ಅಂಟಲಿಲ್ಲ.

ರಬ್ಬರ್ ಉಂಗುರದ ಕಾಲು ಭಾಗ ಮಾತ್ರ ಎಂಜಿನ್ನಿನ ಮುಖಕ್ಕೇ ಅಂಟಿಕೊಂಡು ಉಳಿದಿದೆ, ಕೊಂಬಿನಷ್ಟು ಗಟ್ಟಿಯಾಗಿದೆ. ಬ್ಲೇಡಿನಿಂದ ಕೆರೆಯಬಹುದೇ? ಹೊಸ ಫಿಲ್ಟರನ್ನು ಎಷ್ಟು ಬಿಗಿಯಬೇಕು? ಅಂಗಡಿಯವರೊಬ್ಬರು ಇದೇ ಥ್ರೆಡ್ಡಿನ ಕಾರಿನ ಫಿಲ್ಟರ್ ಅಗ್ಗವಾಗಿ ಸಿಗುತ್ತದೆ ಎಂದರು.

ಚಿಂತಾಮಣಿ ಗ್ಯಾರೇಜ್:

ಬಹಳ ಸಂತೋಷವಾಯಿತು ಸರ್. ಉಕ್ಕಿನ ಬ್ಲೇಡ್ ಬೇಡ, ಅಲ್ಯೂಮಿನಿಯಮ್ಮಿನ ಮೇಲೆ ಬಿದ್ದ ಒಂದು ಗೀರು ಮುಂದೆ ಸೋರಿಕೆಗೆ ದಾರಿಯಾಗುತ್ತದೆ. ಬಿದಿರಿನ ಸೀಳನ್ನು ಉಳಿಯಂತೆ ಹರಿತ ಮಾಡಿಕೊಂಡು ಅಥವಾ ಹಳೆಯ ಎ.ಟಿ.ಎಂ. ಕಾರ್ಡಿನ ಅಂಚಿನಿಂದ, ಮತ್ತೆ ಸ್ವಲ್ಪ ಬಿಸಿಗಾಳಿ ಕೊಟ್ಟು ಎಬ್ಬಿಸಿ. ಬೆರಳು ಸವರಿದಾಗ ಸುತ್ತಲೂ ನುಣುಪು ತಾಗುವವರೆಗೆ ಬಿಡಬೇಡಿ. ಹಳೆಯ ಉಂಗುರದ ಚೂರಿನ ಮೇಲೆ ಹೊಸ ಉಂಗುರ ಕೂತರೆ, ಎಂಜಿನ್ ಚಾಲೂ ಆದ ಸ್ವಲ್ಪ ಹೊತ್ತಿನಲ್ಲಿಯೇ ಎಣ್ಣೆ ಹೊರಕ್ಕೆ ಚಿಮ್ಮಿ ಹಿಂದಿನ ಟೈರಿನ ಮೇಲೆ ಬೀಳಬಹುದು. ಅದರ ಅಪಾಯವನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಕಾರಿನ ಫಿಲ್ಟರ್ ಬೇಡ. ಥ್ರೆಡ್ ಹೊಂದಿದ ಮಾತ್ರಕ್ಕೆ ಫಿಲ್ಟರ್ ಹೊಂದಿದಂತಲ್ಲ. ಕಾಗದ ಕಟ್ಟಿಕೊಂಡಾಗ ಎಣ್ಣೆಯನ್ನು ಬದಿಯಿಂದ ಹಾಯಿಸುವ ಬೈಪಾಸ್ ವಾಲ್ವ್ ಯಾವ ಒತ್ತಡಕ್ಕೆ ತೆರೆಯಬೇಕೆಂಬುದು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ನಿಮ್ಮ ಗಾಡಿಗೆಂದೇ ಬರುವ ಫಿಲ್ಟರನ್ನು ಹಾಕಿ.

ನಿವೃತ್ತ ಫಿಟ್ಟರ್, ಕೆ.ಜಿ.ಎಫ್.:

ಬಿಗಿಯುವ ಬಗ್ಗೆ ನಾನು ಹೇಳುತ್ತೇನೆ. ಹೊಸ ಉಂಗುರದ ಮೇಲೆ ಬೆರಳಿನಿಂದ ಹೊಸ ಎಂಜಿನ್ ಎಣ್ಣೆಯನ್ನು ತೆಳುವಾಗಿ, ಒಂದು ಕೂದಲಿನಷ್ಟು ಜಾಗವೂ ಒಣದಾಗಿ ಉಳಿಯದಂತೆ ಸವರಿ. ಗ್ರೀಸ್ ಬೇಡ. ಕೈಯಿಂದ ತಿರುಗಿಸುತ್ತಾ ಹೋಗಿ, ಉಂಗುರ ಎಂಜಿನ್ನಿನ ಮುಖವನ್ನು ಮುಟ್ಟಿದ್ದು ಬೆರಳಿಗೆ ತಿಳಿದ ಕೂಡಲೇ ನಿಲ್ಲಿಸಿ, ಡಬ್ಬಿಯ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ. ಅಲ್ಲಿಂದ ಮುಕ್ಕಾಲು ಸುತ್ತು ಕೈಯಿಂದಲೇ ಬಿಗಿದರೆ ಹೆಚ್ಚಿನ ಫಿಲ್ಟರುಗಳಿಗೆ ಸಾಕು. ಡಬ್ಬಿಯ ಮೇಲೆ ಅಥವಾ ಗಾಡಿಯ ಕೈಪಿಡಿಯಲ್ಲಿ ಬೇರೆ ಅಳತೆ ಮುದ್ರಿಸಿದ್ದರೆ ಅದನ್ನೇ ಅನುಸರಿಸಿ. ಪಾನಾ ಇರುವುದು ಬಿಚ್ಚುವುದಕ್ಕೆ, ಬಿಗಿಯುವುದಕ್ಕಲ್ಲ. ದಿನಾಂಕವನ್ನೂ ಓಡಿದ ಕಿಲೋಮೀಟರನ್ನೂ ಡಬ್ಬಿಯ ಮೇಲೆಯೇ ಬರೆದಿಡಿ.

ಹೊಸ ಎಣ್ಣೆ ತುಂಬಿದ ಮೇಲೆ ಆಕ್ಸಿಲರೇಟರ್ ಕೊಡದೆ ಒಂದೆರಡು ನಿಮಿಷ ಎಂಜಿನ್ ನಡೆಸಿ, ಆಯಿಲ್ ಪ್ರೆಶರಿನ ದೀಪ ಆರಿತೇ ಎಂದು ನೋಡಿ. ಫಿಲ್ಟರಿನ ಸುತ್ತ ಟಾರ್ಚ್ ಹಾಕಿ ಪರೀಕ್ಷಿಸಿ. ನಿಲ್ಲಿಸಿ ಕೆಲವು ನಿಮಿಷ ಬಿಟ್ಟು, ಗಾಡಿ ನೆಟ್ಟಗಿರುವಾಗ ಎಣ್ಣೆಯ ಮಟ್ಟವನ್ನು ಮತ್ತೆ ನೋಡಿ. ಖಾಲಿ ಫಿಲ್ಟರ್ ತುಂಬಿಕೊಂಡಷ್ಟು ಮಟ್ಟ ಇಳಿದಿರುತ್ತದೆ, ಅಷ್ಟನ್ನು ಸೇರಿಸಿ. ಇಳಿಸಿದ ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯದೆ, ಡ್ರಮ್ಮಿನಲ್ಲಿ ಸಂಗ್ರಹಿಸಿ ಕಳುಹಿಸುವ ಗ್ಯಾರೇಜಿಗೆ ಕೊಡಿ. ನಮ್ಮ ಜಿಲ್ಲೆಯಲ್ಲಿ ನೀರಿನ ಬೆಲೆ ನಮಗೆಲ್ಲ ಗೊತ್ತಿದೆ.

ಅಂತರಗಂಗೆ ಸವಾರ, ಕೋಲಾರ:

ಬಿದಿರಿನ ಸೀಳಿನಿಂದ ಮುಕ್ಕಾಲು ಗಂಟೆ ಕೂತು ಉಂಗುರದ ಕೊನೆಯ ಚೂರನ್ನೂ ತೆಗೆದೆ. ಬಟ್ಟೆಯನ್ನು ದಾರ ಹಿಡಿದು ಎಳೆದು ಪಕ್ಕಕ್ಕಿಟ್ಟ ಮೇಲೆಯೇ ಹೊಸ ಫಿಲ್ಟರನ್ನು ಕೈಗೆತ್ತಿಕೊಂಡೆ. ದೀಪ ಕೂಡಲೇ ಆರಿತು. ಇಂದು ಬೆಳಿಗ್ಗೆ ಮುಳಬಾಗಿಲಿನವರೆಗೆ ಹೋಗಿ ಬಂದು, ಫಿಲ್ಟರಿನ ಕೆಳಗೆ ಬಿಳಿ ಕಾಗದ ಹಾಸಿ ಒಂದು ಗಂಟೆ ಬಿಟ್ಟು ನೋಡಿದೆ. ಒಂದು ಹನಿಯೂ ಬಿದ್ದಿಲ್ಲ. ಬಿಸಿಯಾಗಿ ತಣಿದ ಮೇಲೆ ಇನ್ನೊಮ್ಮೆ ಸ್ವಲ್ಪ ಬಿಗಿಯಬೇಕೇ ಎಂಬುದಷ್ಟೇ ಉಳಿದ ಪ್ರಶ್ನೆ.

ನಿವೃತ್ತ ಫಿಟ್ಟರ್, ಕೆ.ಜಿ.ಎಫ್.:

ಬೇಡ. ಸೋರದಿದ್ದರೆ ಮುಟ್ಟಬೇಡಿ. ನಿಮಗಿಂತ ಮೊದಲು ಅದನ್ನು ಕೂರಿಸಿದವರು ಹಾಗೆ ಇನ್ನೊಮ್ಮೆ ಬಿಗಿದಿರಬೇಕು.